ಗೊರಕೆ ನಿಂತ ಹೊತ್ತು

ಬಿ.ಪಿ.ಗೆ ಮೂರನೆಯ ಮಾತ್ರೆ ಸೇರಿಸಿದ ಮೇಲೂ ಮೇಲಿನ ಅಂಕಿ 150ರಿಂದ ಕೆಳಗೆ ಬರಲಿಲ್ಲ. ಶಿವಮೊಗ್ಗದ ನಮ್ಮ ವೈದ್ಯರು ಇನ್ನೊಂದು ಮಾತ್ರೆ ಬರೆಯುವ ಬದಲು ಪೆನ್ನು ಕೆಳಗಿಟ್ಟು ಬೇರೆಯೇ ಪ್ರಶ್ನೆಗಳಿಗೆ ಇಳಿದರು. ಬೆಳಿಗ್ಗೆ ಏಳುವಾಗ ತಲೆನೋವು ಇರುತ್ತಾ? ಬಾಯಿ ಒಣಗಿರುತ್ತಾ? ರಾತ್ರಿ ಮೂತ್ರಕ್ಕೆ ಎಷ್ಟು ಸಲ ಏಳ್ತೀರಿ? ಮೂರಕ್ಕೂ ಹೌದು ಅನ್ನುವಂಥ ಉತ್ತರವೇ ಇತ್ತು. ಉತ್ತರದ ಜೊತೆಗೆ ಕಾರಣವೂ ನನ್ನ ಬಳಿ ಸಿದ್ಧವಿತ್ತು: ತಲೆನೋವಿಗೆ ಉತ್ತರಪತ್ರಿಕೆಗಳ ಕಟ್ಟು, ಬಾಯಿ ಒಣಗುವುದಕ್ಕೆ ಸೆಕೆ, ಮೂತ್ರಕ್ಕೆ ವಯಸ್ಸು. ಐವತ್ತು ದಾಟಿದ ಹೈಸ್ಕೂಲ್ ಮೇಡಂ ಒಬ್ಬರಿಗೆ ಇವೆಲ್ಲ ಇರುವುದೇ ಅಂದುಕೊಂಡಿದ್ದೆ.

"ಗೊರಕೆ ಹೊಡೀತೀರಾ?" ಅಂದರು. ಇಲ್ಲ ಅಂದೆ. ನನಗೆ ಗೊತ್ತಿದ್ದದ್ದು ಅಷ್ಟೆ. ಪಕ್ಕದಲ್ಲಿ ಕೂತಿದ್ದ ನಮ್ಮ ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಡೀತಾಳೆ ಸರ್, ಜೋರಾಗೇ. ಮಧ್ಯೆ ಮಧ್ಯೆ ನಿಂತೂ ಹೋಗುತ್ತೆ" ಅಂದರು.

ವೈದ್ಯರು ಹಿಡಿದುಕೊಂಡದ್ದು ಆ ಕೊನೆಯ ಮಾತನ್ನು. "ನಿಂತು ಹೋಗುತ್ತೆ ಅಂದ್ರೆ?"

"ಒಂದಷ್ಟು ಹೊತ್ತು ಸದ್ದೇ ಇರಲ್ಲ. ಆಮೇಲೆ ಗಕ್ ಅಂತ ಉಸಿರೆಳ್ಕೊಂಡು ಮತ್ತೆ ಶುರು. ಸದ್ದು ನಿಂತಾಗ, ಸದ್ಯ ಈಗ ಒಳ್ಳೆ ನಿದ್ದೆ ಬಂತು ಇವಳಿಗೆ ಅಂದ್ಕೋತಿದ್ದೆ."

"ಉಸಿರು ನಿಲ್ಲೋದೇ ಆಗ" ಅಂದರು ವೈದ್ಯರು.

ಇದನ್ನು ಬರೆಯಲು ಕೂತದ್ದು ಮುಖ್ಯವಾಗಿ ಆ ಮಾತಿಗಾಗಿ. ಗೊರಕೆ ಎಂದರೆ ನಾವು ಸದ್ದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇವೆ. ಪಕ್ಕದವರಿಗೆ ತೊಂದರೆ, ಮದುವೆಮನೆಯಲ್ಲಿ ಸಾಲಾಗಿ ಮಲಗಿದಾಗ ಮುಜುಗರ, ಅಷ್ಟೆ. ನೋಡಬೇಕಾದದ್ದು ಸದ್ದು ನಿಂತ ಹೊತ್ತನ್ನು. ಅದರಲ್ಲೂ ಹೆಂಗಸರ ಗೊರಕೆಯ ಬಗ್ಗೆ ಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಗಂಡಸು ಹೊಡೆದರೆ ಮಕ್ಕಳು ಅಣಕಿಸಿ ನಗುತ್ತಾರೆ, ಕುಂಭಕರ್ಣ ಅನ್ನುತ್ತಾರೆ, ಕೊನೆಗೆ ಯಾರಾದರೊಬ್ಬರು ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ. ಹೆಂಗಸಿನದನ್ನು ಮರ್ಯಾದೆಯ ವಿಷಯವೆಂದು ಮುಚ್ಚಿಡುತ್ತಾರೆ. ನಮ್ಮ ಮನೆಯವರು ವರ್ಷಗಟ್ಟಲೆ ಹೇಳದೆ ಇದ್ದದ್ದು ನನಗೆ ಬೇಜಾರಾಗಬಾರದು ಎಂಬ ಅಕ್ಕರೆಯಿಂದ. ಮಗಳು ಬೇರೆ ಕೋಣೆಗೆ ಹೋದದ್ದು ಓದುವ ನೆಪದಲ್ಲಿ. ಅತ್ತೆ ಮಾತ್ರ ಒಮ್ಮೆ, "ನಿಂಗೆ ಹಾಸಿಗೆಗೆ ತಲೆ ಕೊಟ್ರೆ ಸಾಕು, ಪುಣ್ಯವಂತೆ ಕಣೇ" ಅಂದದ್ದುಂಟು. ಇವರಲ್ಲಿ ಯಾರೂ ಕೆಟ್ಟವರಲ್ಲ. ಆದರೂ ಇಂಥ ಅಕ್ಕರೆಯಿಂದಲೇ ಎಷ್ಟೋ ಹೆಂಗಸರ ಕಾಯಿಲೆ ಹೊರಗೆ ಬರದೆ ಉಳಿದಿದೆ.

ಮೊದಲು ಇಎನ್‌ಟಿ ವೈದ್ಯರಲ್ಲಿಗೆ ಹೋದೆವು. ನಾಲಿಗೆ ಪೂರ್ತಿ ಚಾಚಿಸಿ ಟಾರ್ಚು ಬಿಟ್ಟು ನೋಡಿದರು. ಮೂಗಿನೊಳಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ, ತುದಿಯಲ್ಲಿ ಕ್ಯಾಮೆರಾ ಇರುವ ತೆಳ್ಳಗಿನ ಕೊಳವೆ ಇಳಿಸಿದರು. ಕಣ್ಣಲ್ಲಿ ನೀರು ಬಂತು, ನೋವಾಗಲಿಲ್ಲ. ಮೂಗಿನ ನಡುಗೋಡೆ ಸ್ವಲ್ಪ ಸೊಟ್ಟಗಿದೆ, ಆದರೆ ಕಾರಣ ಅದಲ್ಲ, ಗಂಟಲಿನ ಹಿಂಭಾಗ ಇಕ್ಕಟ್ಟಾಗಿದೆ ಅಂದರು. ಎಚ್ಚರವಿದ್ದಾಗ ಅಲ್ಲಿನ ಸ್ನಾಯುಗಳು ಬಿಗಿಯಾಗಿದ್ದು ದಾರಿಯನ್ನು ತೆರೆದಿಟ್ಟಿರುತ್ತವೆ. ನಿದ್ದೆಯಲ್ಲಿ ಅವು ಸಡಿಲವಾಗುತ್ತವೆ, ಅಂಗಾತ ಮಲಗಿದರೆ ನಾಲಿಗೆಯೂ ಹಿಂದಕ್ಕೆ ಜಾರುತ್ತದೆ. ಇಕ್ಕಟ್ಟಿನಲ್ಲಿ ಗಾಳಿ ನುಗ್ಗುವಾಗ ಕಿರುನಾಲಿಗೆಯೂ ಮೃದು ಅಂಗುಳೂ ಅದುರುತ್ತವೆ, ಅದೇ ಗೊರಕೆ. ಎಳನೀರಿಗೆ ಹಾಕಿದ ಮೆತ್ತನೆಯ ಸ್ಟ್ರಾವನ್ನು ಜೋರಾಗಿ ಎಳೆದರೆ ಒಳಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವಲ್ಲ, ಹಾಗೆ ದಾರಿ ಪೂರ್ತಿ ಮುಚ್ಚಿಕೊಂಡು ಉಸಿರು ನಿಂತರೆ ಸ್ಲೀಪ್ ಅಪ್ನಿಯಾ.

ಅಲ್ಲಿಂದ ಶ್ವಾಸಕೋಶ ತಜ್ಞರಲ್ಲಿಗೆ. ಅಲ್ಲಿ ಕುತ್ತಿಗೆಯ ಸುತ್ತಳತೆ ತೆಗೆದುಕೊಂಡು ಎರಡು ಪ್ರಶ್ನಾವಳಿ ಕೊಟ್ಟರು. ಒಂದರ ಹೆಸರು ಎಪ್‌ವರ್ತ್. ಮೆಲ್ಬರ್ನ್‌ನ ವೈದ್ಯ ಮರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ್ದು. ಎಂಟು ಸಂದರ್ಭಗಳು, ಒಂದೊಂದಕ್ಕೆ 0ಯಿಂದ 3 ಅಂಕ. ಒಟ್ಟು 24ರಲ್ಲಿ 10 ದಾಟಿದರೆ ಹಗಲು ತೂಕಡಿಕೆ ಹೆಚ್ಚಿದೆ ಎಂದರ್ಥ. ಕೂತು ಓದುವಾಗ ಮಂಪರು ಬರುತ್ತದೆಯೇ, ಟಿ.ವಿ. ನೋಡುವಾಗ, ಊಟವಾದ ಮೇಲೆ ಸುಮ್ಮನೆ ಕೂತಾಗ, ಮಧ್ಯಾಹ್ನ ಮಲಗಿದಾಗ ಎಂಬಂಥ ಪ್ರಶ್ನೆಗಳು. ನನಗೆ ಬಂದದ್ದು 9. ತುಂಬುವಾಗಲೇ ನನಗೆ ಅನ್ನಿಸಿತ್ತು, ಊಟವಾದ ಮೇಲೆ ಸುಮ್ಮನೆ ಕೂತುಕೊಳ್ಳುವ ಹೆಂಗಸು ನಮ್ಮ ಕೇರಿಯಲ್ಲಿ ಯಾರಿದ್ದಾರೆ? ಪಾತ್ರೆ ತೊಳೆಯುವಾಗ, ಬೋರ್ಡಿನ ಮುಂದೆ ನಿಂತಾಗ ತೂಕಡಿಕೆ ಬರುವುದಿಲ್ಲ, ಮೈಯೆಲ್ಲ ಸೀಸ ಹುಯ್ದಷ್ಟು ಭಾರವಿರುತ್ತದೆ ಅಷ್ಟೆ. ಅಪ್ನಿಯಾದ ಸಂಭವ ಎಷ್ಟೆಂದು ಅಂದಾಜು ಮಾಡುವ ಸ್ಟಾಪ್‌ಬ್ಯಾಂಗ್ ಎಂಬ ಇನ್ನೊಂದು ಪಟ್ಟಿಯಲ್ಲಂತೂ ಗಂಡಸಾಗಿದ್ದರೇ ಒಂದು ಅಂಕ ಸಿಗುತ್ತದೆ. ಕಾಯಿಲೆ ಗಂಡಸರಲ್ಲಿ ಹೆಚ್ಚು ಎಂಬುದು ನಿಜ. ಆದರೆ ಈ ತಜ್ಞರು ನನ್ನ 9ಕ್ಕೆ ನಿಲ್ಲಲಿಲ್ಲ. ಹೆಂಗಸರು ನಿದ್ದೆ ಬರುತ್ತದೆ ಎಂದು ಹೇಳಿಕೊಂಡು ಬರುವುದು ಕಡಿಮೆ, ಸುಸ್ತು, ತಲೆನೋವು, ನಡುರಾತ್ರಿ ಎಚ್ಚರ, ಮನಸ್ಸಿಗೆ ಬೇಸರ ಎಂದೇ ಬರುತ್ತಾರೆ, ಅದಕ್ಕೆ ವಿಟಮಿನ್ ಮಾತ್ರೆಯೋ ನಿದ್ದೆ ಮಾತ್ರೆಯೋ ತೆಗೆದುಕೊಂಡು ಹೋಗುತ್ತಾರೆ ಅಂದರು. ಮುಟ್ಟು ನಿಂತ ಮೇಲೆ ಈ ತೊಂದರೆ ಜಾಸ್ತಿಯಾಗುತ್ತದಂತೆ. ಉಸಿರಾಟಕ್ಕೆ ಒತ್ತಾಸೆಯಾಗಿದ್ದ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಆಗ ಇಳಿದುಹೋಗಿರುತ್ತದೆ. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿದರು, ಅದು ಸರಿ ಇತ್ತು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ರಾತ್ರಿಯಿಡೀ ಸ್ಲೀಪ್ ಸ್ಟಡಿ ಮಾಡಿಸಲು ಚೀಟಿ ಬರೆದುಕೊಟ್ಟರು.

ಮೊದಲೇ ಫೋನಿನಲ್ಲಿ ಹೇಳಿದ್ದರು: ತಲೆಗೆ ಸ್ನಾನ ಮಾಡಿ ಬನ್ನಿ, ಎಣ್ಣೆ ಹಚ್ಚಬೇಡಿ, ಮಧ್ಯಾಹ್ನದ ಮೇಲೆ ಕಾಫಿ ಬೇಡ, ಹಗಲು ಮಲಗಬೇಡಿ, ಎಂದಿನ ಮಾತ್ರೆಗಳನ್ನು ಬಿಡಬೇಡಿ, ಬೇಕಿದ್ದರೆ ನಿಮ್ಮದೇ ದಿಂಬು ತನ್ನಿ. ಎಣ್ಣೆ ಹಚ್ಚದ ಕೂದಲನ್ನು ಗಂಟು ಹಾಕಿಕೊಂಡು ಘಟ್ಟ ಇಳಿದೆ.

ಕೋಣೆ ಲಾಡ್ಜಿನ ರೂಮಿನಂತೆಯೇ ಇತ್ತು, ಚಾವಣಿಯ ಮೂಲೆಯಲ್ಲೊಂದು ಕ್ಯಾಮೆರಾ ಬಿಟ್ಟರೆ. ಹೆಂಗಸರಿಗೆ ಹೆಣ್ಣು ಟೆಕ್ನಿಷಿಯನ್ ಇರುತ್ತಾರೆಯೇ ಎಂದು ನಾನು ಮುಂಚೆಯೇ ಕೇಳಿಕೊಂಡಿದ್ದೆ. ನೀವೂ ಕೇಳಿ, ಸಂಕೋಚ ಬೇಡ. ಬಂದವಳು ವಿಜಯಪುರದ ಕಡೆಯ ಹುಡುಗಿ. ಅಳತೆ ಟೇಪಿನಿಂದ ಹುಬ್ಬಿನ ನಡುವಿನಿಂದ ಹಿಂದಲೆಯವರೆಗೆ, ಕಿವಿಯಿಂದ ಕಿವಿಗೆ ಅಳೆದು, ಬಣ್ಣದ ಪೆನ್ಸಿಲಿನಲ್ಲಿ ನೆತ್ತಿಯ ಮೇಲೆ ಗುರುತು ಹಾಕಿದಳು. ಗುರುತಿನ ಜಾಗವನ್ನು ಮರಳು ಬೆರೆಸಿದಂಥ ಅಂಟಿನಿಂದ ಉಜ್ಜಿ, ಬಿಳಿ ಪೇಸ್ಟು ಮೆತ್ತಿ, ಬಟ್ಟಲಿನಾಕಾರದ ಪುಟ್ಟ ಲೋಹದ ಬಿಲ್ಲೆ ಒತ್ತಿದಳು. ತಲೆಗೆ ಹಲವು, ಕಣ್ಣುಗಳ ಪಕ್ಕ ಒಂದೊಂದು, ಗದ್ದಕ್ಕೆ, ಎದೆಗೆ, ಎರಡೂ ಮೊಣಕಾಲ ಕೆಳಗೆ. ಎದೆಗೂ ಹೊಟ್ಟೆಗೂ ಹಿಗ್ಗುವ ಪಟ್ಟಿ. ಗಂಟಲ ಬಳಿ ಗೊರಕೆಗೆಂದೇ ಪುಟ್ಟ ಮೈಕು. ಮೂಗಿನ ಹೊಳ್ಳೆಗಳಿಗೆ ಗಾಳಿಯ ಓಡಾಟ ಅಳೆಯುವ ನಳಿಕೆ, ಬೆರಳಿಗೆ ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಆಕ್ಸಿಜನ್ ಕ್ಲಿಪ್ಪು. ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು.

"ಇಷ್ಟು ತಂತಿ ಹಾಕ್ಕೊಂಡು ನಿದ್ದೆ ಬರುತ್ತೇನಮ್ಮಾ?"

"ಎಲ್ಲಾರೂ ಹಿಂಗ ಕೇಳ್ತಾರ್ರಿ ಮೇಡಂ. ಎಲ್ಲಾರೂ ಮಲಗ್ತಾರ್ರಿ."

ದೀಪ ಆರಿಸುವ ಮೊದಲು ಪಕ್ಕದ ಕೋಣೆಯಿಂದ ಸ್ಪೀಕರಿನಲ್ಲಿ ಅವಳ ದನಿ ಬಂತು. ಕಣ್ಣು ತಗೀರಿ. ಕಣ್ಣು ಮುಚ್ಚರಿ. ತಲಿ ಅಳ್ಳಾಡಿಸಬ್ಯಾಡ್ರಿ, ಬರೇ ಕಣ್ಣಷ್ಟ ಎಡಕ್ಕ ತಗೋರಿ, ಈಗ ಬಲಕ್ಕ. ಹಲ್ಲು ಕಚ್ಚರಿ. ಗೊರಕಿ ಸಪ್ಪಳ ಮಾಡ್ರಿ. ಉಸಿರು ಹಿಡೀರಿ. ಎಡಗಾಲಿನ ಹೆಬ್ಬೆರಳು ಮ್ಯಾಲ ಮಾಡ್ರಿ. ಒಂದೊಂದು ತಂತಿಯೂ ಸರಿಯಾಗಿ ಗುರುತು ಬರೆಯುತ್ತಿದೆಯೇ ಎಂದು ನೋಡುವ ಕ್ರಮ ಅದು. ಮೂತ್ರಕ್ಕೆ ಹೋಗಬೇಕಾದರೆ ಸುಮ್ಮನೆ ಕರೀರಿ, ಬಂದು ತಂತಿಯ ಗೊಂಚಲು ಬಿಡಿಸಿಕೊಡ್ತೀನಿ ಅಂದಳು. ನಿದ್ದೆ ಬಂತು. ಮನೆಯಷ್ಟಲ್ಲ, ಪರೀಕ್ಷೆಗೆ ಸಾಲುವಷ್ಟು.

ನಡುರಾತ್ರಿ ಅವಳೇ ಬಂದು ಎಬ್ಬಿಸಿದಳು. ಮೊದಲರ್ಧದಲ್ಲೇ ತೊಂದರೆ ಸ್ಪಷ್ಟವಾಗಿ ಕಂಡರೆ ಉಳಿದರ್ಧ ರಾತ್ರಿ, ಮಾಸ್ಕಿನ ಮೂಲಕ ಗಾಳಿ ಊದಿ ಗಂಟಲಿನ ದಾರಿ ತೆರೆದಿಡುವ ಸಿ-ಪ್ಯಾಪ್ ಯಂತ್ರ ಹಾಕಿ, ಗಾಳಿಗೆ ಎಷ್ಟು ಒತ್ತಡ ಬೇಕು ಎಂದು ನೋಡುತ್ತಾರೆ. ಮೂಗಿನ ಮೇಲೆ ಮಾಸ್ಕು ಕೂತಿತು. ಗಾಳಿ ಒಳಗೆ ತಳ್ಳಿದ ಮೊದಲ ಕ್ಷಣ ಹೆದರಿಕೆಯಾಯಿತು, ಬಾಯಿ ತೆರೆದರೆ ಗಾಳಿಯೆಲ್ಲ ಬಾಯಿಂದಲೇ ಹೊರಟುಹೋಯಿತು. "ಬಾಯಿ ಮುಚ್ಚಿ ಮೂಗಿಲೇ ಉಸಿರಾಡ್ರಿ, ಅದರ ಕೂಡ ಜಗ್ಗಾಡಬ್ಯಾಡ್ರಿ" ಅಂದಳು ಹುಡುಗಿ. ಮತ್ತೆ ಕಣ್ಣು ತೆರೆದಾಗ ಬೆಳಗಾಗಿತ್ತು. ತಲೆ ಹಗುರವಾಗಿತ್ತು. ನೋವಿಲ್ಲದ ಬೆಳಗು ಹೇಗಿರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು.

ವರದಿ ಬಂದ ಮೇಲೆ ತಜ್ಞರು ಕಂಪ್ಯೂಟರ್ ಪರದೆಯನ್ನು ನಮ್ಮಿಬ್ಬರ ಕಡೆ ತಿರುಗಿಸಿದರು. ಆ ಪುಟವನ್ನು ನಾನು ಮರೆಯಲಾರೆ. ಗೊರಕೆಯ ಗೆರೆ ದಟ್ಟವಾಗಿ ಮೇಲೆ ಕೆಳಗೆ ಕುಣಿಯುತ್ತಾ ಬಂದು ತಟ್ಟನೆ ಸಪಾಟಾಗುತ್ತದೆ. ಮೂಗಿನ ಗಾಳಿಯ ಗೆರೆಯೂ ಸಪಾಟು. ಆದರೆ ಅದರ ಕೆಳಗೆ ಎದೆಯ ಪಟ್ಟಿ, ಹೊಟ್ಟೆಯ ಪಟ್ಟಿ ಎರಡೂ ಅಲುಗುತ್ತಲೇ ಇವೆ, ಅದೂ ವಿರುದ್ಧ ದಿಕ್ಕಿಗೆ: ಒಂದು ಉಬ್ಬಿದರೆ ಇನ್ನೊಂದು ತಗ್ಗುತ್ತದೆ. ಬಾಗಿಲು ಮುಚ್ಚಿದೆ, ಒಳಗಿನಿಂದ ಮೈ ಎಳೆಯುತ್ತಲೇ ಇದೆ. ಸ್ವಲ್ಪ ತಡವಾಗಿ ಆಕ್ಸಿಜನ್ ಗೆರೆ ಇಳಿಜಾರು ಹಿಡಿಯುತ್ತದೆ. ಆಮೇಲೆ ಮೆದುಳಿನ ಗೆರೆಗಳು ಒಟ್ಟಿಗೆ ಕಿತ್ತೆದ್ದು, ಗದ್ದದ ಸ್ನಾಯು ಬಿಗಿದು, ಗಾಳಿ ನುಗ್ಗುತ್ತದೆ. ಮೆದುಳು ನನ್ನನ್ನು ಎಬ್ಬಿಸಿದ್ದು ಅದು. ಕೆಲವೇ ಸೆಕೆಂಡಿನ ಎಚ್ಚರವಾದ್ದರಿಂದ ಬೆಳಿಗ್ಗೆ ನೆನಪಿರುವುದಿಲ್ಲ. ಗಾಳಿ ಹತ್ತು ಸೆಕೆಂಡು ನಿಂತರೆ ಅದನ್ನೊಂದು ಅಪ್ನಿಯಾ ಎಂದು ಎಣಿಸುತ್ತಾರೆ. ಆ ಪುಟದಲ್ಲಿ ನಿಂತಿದ್ದು 38 ಸೆಕೆಂಡು. ಗಂಟೆಗೆ ಇಂಥವು, ಅರ್ಧಂಬರ್ಧ ಕಟ್ಟಿದವೂ ಸೇರಿ, 5ಕ್ಕಿಂತ ಕಡಿಮೆ ಇದ್ದರೆ ಸಹಜ. 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ನನ್ನದು 46. ರಕ್ತದ ಆಕ್ಸಿಜನ್ ಶೇ. 74ರವರೆಗೆ ಇಳಿದಿತ್ತು.

ನಮ್ಮ ಮನೆಯವರು ಪರದೆಯ ಮೇಲಿನ ಆ ಸಪಾಟು ಗೆರೆಯನ್ನು ಬೆರಳಿನಿಂದ ಮುಟ್ಟಿ, "ಇದೇನಾ ಸರ್, ಸದ್ದು ನಿಲ್ಲೋದು?" ಎಂದು ಕೇಳಿದರು. ಮತ್ತೇನೂ ಮಾತಾಡಲಿಲ್ಲ.

ಶಿವಮೊಗ್ಗದ ವೈದ್ಯರು ಕೇಳಿದ್ದ ಒಂದೊಂದು ಪ್ರಶ್ನೆಯ ಹಿಂದೆಯೂ ಏನಿತ್ತೆಂಬುದು ನನಗೆ ಅರ್ಥವಾದದ್ದು ಅಲ್ಲೇ. ನಿದ್ದೆಯಲ್ಲಿ ರಕ್ತದೊತ್ತಡ ಹಗಲಿಗಿಂತ ಶೇ. 10ರಿಂದ 20ರಷ್ಟು ಇಳಿಯಬೇಕು. ಉಸಿರು ಕಟ್ಟಿ ಎದ್ದಾಗಲೆಲ್ಲ ಮೈ ಅಪಾಯ ಬಂತೆಂದು ಎಚ್ಚರಿಸುವ ಹಾರ್ಮೋನು ಸುರಿಯುತ್ತದೆ, ಒತ್ತಡ ಏರುತ್ತದೆ. ಗಂಟೆಗೆ ನಲವತ್ತಾರು ಸಲ ಹೀಗಾದರೆ ಇಳಿಯುವ ಮಾತೆಲ್ಲಿ? ಮಾತ್ರೆ ಮೂರಾದರೂ ಬಗ್ಗದ ಬಿ.ಪಿ.ಯ ಹಿಂದೆ ಸ್ಲೀಪ್ ಅಪ್ನಿಯಾ ಇರುವುದು ಸಾಮಾನ್ಯವಂತೆ. ಮುಚ್ಚಿದ ದಾರಿಯ ವಿರುದ್ಧ ಎದೆ ಎಳೆಯುವಾಗ ಹೃದಯದತ್ತ ರಕ್ತ ಹೆಚ್ಚಾಗಿ ನುಗ್ಗಿ ಅದರ ಮೇಲ್ಕೋಣೆ ಹಿಗ್ಗುತ್ತದೆ. ಮೈಯಲ್ಲಿ ನೀರು ಜಾಸ್ತಿಯಾಗಿದೆ ಎಂದು ತಪ್ಪು ತಿಳಿದ ಹೃದಯ, ಹೊರಹಾಕು ಎಂದು ಮೂತ್ರಪಿಂಡಕ್ಕೆ ಹಾರ್ಮೋನಿನ ಮೂಲಕ ಹೇಳುತ್ತದೆ. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು ಹೀಗೆ. ಬೆಳಗಿನ ತಲೆನೋವು ಸರಿಯಾಗಿ ಹೊರಹೋಗದ ಇಂಗಾಲದ ಡೈಆಕ್ಸೈಡಿನಿಂದ ಇರಬಹುದಂತೆ. ಹೀಗೇ ಬಿಟ್ಟರೆ ಹೃದಯದ ಲಯ ತಪ್ಪುವುದು, ಪಾರ್ಶ್ವವಾಯು, ಸಕ್ಕರೆ ಹತೋಟಿಗೆ ಬಾರದಿರುವುದು ಇವೆಲ್ಲದರ ಸಂಭವ ಹೆಚ್ಚುತ್ತದೆ. ಗಾಡಿ ಓಡಿಸುವವರಾದರೆ ಅಪಘಾತದ ಭಯ ಬೇರೆ. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ ತೀರಿಕೊಂಡಾಗ ವೈದ್ಯರು ಇದೇ ಕಾಯಿಲೆಯ ಹೆಸರು ಹೇಳಿದ್ದರು. ನಮ್ಮ ಸ್ಟಾಫ್ ರೂಮಿನಲ್ಲಿ ಆಗ ಮಾತು ಬಂದು, ಹಾಗೇ ಮರೆತೂ ಹೋಗಿತ್ತು.

ಹಾಗೆಂದು ಗೊರಕೆ ಹೊಡೆಯುವವರೆಲ್ಲ ರೋಗಿಗಳಲ್ಲ. ಉಸಿರು ಕಟ್ಟದ ಬರಿಯ ಗೊರಕೆಗೆ ಮಗ್ಗುಲಾಗಿ ಮಲಗುವುದು, ಮೂಗು ಕಟ್ಟಿದ್ದರೆ ಅದಕ್ಕೆ ಚಿಕಿತ್ಸೆ, ತೂಕ ಇಳಿಸುವುದು, ಕುಡಿಯುವ ಅಭ್ಯಾಸವಿದ್ದರೆ ಬಿಡುವುದು ಎಷ್ಟೋ ಸಲ ಸಾಕು. ಆದರೆ ಯಾವುದು ಬರಿಯ ಗೊರಕೆ ಎಂಬುದು ಪರೀಕ್ಷೆಯಿಲ್ಲದೆ ಗೊತ್ತಾಗುವುದಿಲ್ಲ. ಮೂಗಿಗೆ ಅಂಟಿಸುವ ಪಟ್ಟಿ, ಗದ್ದಕ್ಕೆ ಕಟ್ಟುವ ಬೆಲ್ಟು ಎಂದು ಮೊಬೈಲಿನಲ್ಲಿ ಬರುವ ಜಾಹೀರಾತುಗಳ ಮೇಲೆ ನನಗೆ ಸಿಟ್ಟಿದೆ. ಸದ್ದು ಕಮ್ಮಿಯಾದರೆ ಮನೆಯವರಿಗೆ ನೆಮ್ಮದಿ, ಒಳಗೆ ಉಸಿರು ಕಟ್ಟುವುದು ಹಾಗೇ ಇರಬಹುದು. ಇನ್ನು ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆ ನುಂಗುವುದು ಬಹಳ ಕೆಟ್ಟದ್ದು. ಕೆಲವು ಮಾತ್ರೆಗಳು ಗಂಟಲ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತವೆ.

ನನಗೆ ಉಳಿದದ್ದು ಆ ಸಿ-ಪ್ಯಾಪ್ ಯಂತ್ರವೇ. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಮೊದಲ ಬಾರಿಗೆ ಲೋಕದ ಮುಂದಿಟ್ಟರು. ಅದಕ್ಕೂ ಮುಂಚೆ ತೀವ್ರ ಕಾಯಿಲೆಗೆ ನೆಚ್ಚಬಹುದಾಗಿದ್ದ ಚಿಕಿತ್ಸೆ ಎಂದರೆ ಕುತ್ತಿಗೆಯಲ್ಲಿ ರಂಧ್ರ ಕೊರೆದು ಕೊಳವೆ ಇಡುವುದು. ಅದನ್ನು ತಿಳಿದ ಮೇಲೆ ಮಾಸ್ಕಿನ ಬಗ್ಗೆ ದೂರಲು ಮನಸ್ಸು ಬರಲಿಲ್ಲ. ಯಂತ್ರ ಔಷಧಿ ಕೊಡುವುದಿಲ್ಲ, ಆಕ್ಸಿಜನ್ನೂ ಅಲ್ಲ. ಕೋಣೆಯ ಗಾಳಿಯನ್ನೇ ಸೋಸಿ, ಅಳತೆಯ ಒತ್ತಡದಲ್ಲಿ ಊದಿ, ಗಂಟಲಿನ ಗೋಡೆಗಳು ಅಂಟದಂತೆ ನೋಡಿಕೊಳ್ಳುತ್ತದೆ. ಬೆಲೆ ನಲವತ್ತು ಸಾವಿರದ ಆಸುಪಾಸು, ವಿಮೆಯವರು ಕೊಡಲಿಲ್ಲ. ನಾವು ಮೊದಲು ಬಾಡಿಗೆಗೆ ತಂದು, ಒಗ್ಗಿದ ಮೇಲೆ ಕೊಂಡೆವು. ಹಾಗೇ ಮಾಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಒಗ್ಗುವುದು ಸುಲಭವಿರಲಿಲ್ಲ. ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತಿತ್ತು. ಸೋರದಿರಲಿ ಎಂದು ಪಟ್ಟಿ ಬಿಗಿದರೆ ಮೂಗಿನ ಮೇಲೆ ಕೆಂಪು ಗಾಯ. ಬಿಗಿಯುವುದಲ್ಲ, ಮಲಗಿದ ಮೇಲೆ ಒಮ್ಮೆ ಮಾಸ್ಕನ್ನು ಎತ್ತಿ ಮತ್ತೆ ಕೂರಿಸಬೇಕು ಎಂದು ಅಂಗಡಿಯ ಹುಡುಗ ತೋರಿಸಿಕೊಟ್ಟ. ಅಳತೆ ಒಂದು ಸೈಜು ಚಿಕ್ಕದು ಮಾಡಿದ ಮೇಲೆ ಸರಿಹೋಯಿತು. ಮಾಸ್ಕಿನ ಮೆತ್ತೆಯನ್ನು ದಿನಾ ಬೆಳಿಗ್ಗೆ ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುತ್ತೇನೆ, ಮುಖದ ಜಿಡ್ಡಿದ್ದರೆ ಅದು ಜಾರುತ್ತದೆ. ಮೂಗು ಒಣಗದಿರಲು ಯಂತ್ರದ ತೊಟ್ಟಿಗೆ ಡಿಸ್ಟಿಲ್ಡ್ ನೀರು. ಹಗಲು ಅರ್ಧ ಗಂಟೆ ಮಾಸ್ಕು ಹಾಕಿಕೊಂಡು ಪೇಪರ್ ಓದುತ್ತಾ ಕೂತದ್ದು ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಎಚ್ಚರದಲ್ಲಿ ಹೆದರಿಕೆ ಹೋದರೆ ನಿದ್ದೆಯಲ್ಲಿ ಕೈ ಅದನ್ನು ಕಿತ್ತು ಹಾಕುವುದಿಲ್ಲ.

ರಾತ್ರಿ ಮೂತ್ರಕ್ಕೆ ಏಳುವುದು ಬೇಗನೆ ನಿಂತಿತು. ತಲೆನೋವೂ ಹೋಯಿತು. ಬಿ.ಪಿ. ನಿಧಾನಕ್ಕೆ ಇಳಿದು, ಮೂರನೆಯ ಮಾತ್ರೆಯನ್ನು ವೈದ್ಯರು ನಿಲ್ಲಿಸಿದರು. ಉಳಿದೆರಡು ಮುಂದುವರಿದಿವೆ, ಅವೂ ನಿಂತಾವು ಎಂಬ ಭ್ರಮೆ ನನಗಿಲ್ಲ. ತೂಕ ಯಂತ್ರದಿಂದ ಇಳಿಯುವುದಿಲ್ಲ, ಅದಕ್ಕೆ ನಡೆಯಲೇಬೇಕು. ಸುಸ್ತಿಲ್ಲದ ಮೈ ನಡೆಯಲು ಒಪ್ಪುತ್ತದೆ ಎಂಬುದಷ್ಟೇ ವ್ಯತ್ಯಾಸ.

ಈಗ ತರಗತಿಯಲ್ಲಿ ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ. ಬಾಯಿ ತೆರೆದೇ ಉಸಿರಾಡುವ, ಕಣ್ಣ ಕೆಳಗೆ ಕಪ್ಪಾದ, ಒಂದು ಕಡೆ ಕೂರಲಾಗದೆ ಚಡಪಡಿಸುವ ಮಕ್ಕಳಿರುತ್ತಾರೆ. ದೊಡ್ಡವರು ನಿದ್ದೆಗೆಟ್ಟರೆ ತೂಕಡಿಸುತ್ತಾರೆ, ಮಕ್ಕಳು ಎಷ್ಟೋ ಸಲ ತುಂಟರಾಗುತ್ತಾರೆ. ಇಂಥ ಮಗುವಿನ ತಾಯಿ ಬಂದಾಗ ಗೊರಕೆ ಹೊಡೀತಾನೇನಮ್ಮಾ ಎಂದು ಕೇಳುತ್ತೇನೆ. ಹೌದು ಮೇಡಂ, ಅವರಪ್ಪನ ಥರಾನೇ ಎಂದು ನಕ್ಕವರಿದ್ದಾರೆ. ಮಕ್ಕಳಲ್ಲಿ ಹೆಚ್ಚಾಗಿ ಕಾರಣ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್ ಗಂಟು ಬೆಳೆದಿರುವುದು. ತೆಗೆಸಿದರೆ ಬಹಳಷ್ಟು ಮಕ್ಕಳು ಸರಿಹೋಗುತ್ತಾರೆ. ಒಮ್ಮೆ ಇಎನ್‌ಟಿಗೆ ತೋರಿಸಿ, ಮಲಗಿದಾಗ ಒಂದೆರಡು ನಿಮಿಷ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ ಎಂದು ಹೇಳಿ ಕಳಿಸುತ್ತೇನೆ. ಆ ವಿಡಿಯೊ ದೊಡ್ಡವರ ವಿಷಯದಲ್ಲೂ ಒಳ್ಳೆಯದೇ. ಸದ್ದಿನ ಮಧ್ಯದ ಬಿಡುವು ಅದರಲ್ಲಿ ಸಿಗಬೇಕು, ಅಷ್ಟು ಉದ್ದ ತೆಗೆಯಿರಿ.

ನಮ್ಮ ಕಡೆಯವರಿಗೆ ಒಂದು ಮಾತು ಉಳಿದಿದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳುವಂತಿಲ್ಲ. ಯಂತ್ರ ನಿಂತರೆ ಉಸಿರುಗಟ್ಟುತ್ತದೆ ಎಂದು ಹೆದರಿ ಬೇಡವೆನ್ನುವವರಿದ್ದಾರೆ. ಮಾಸ್ಕಿನಲ್ಲಿ ಗಾಳಿ ಹೊರಹೋಗುವ ಕಿಂಡಿಗಳಿರುತ್ತವೆ, ಬಾಯಿಯನ್ನೂ ಮುಚ್ಚುವ ದೊಡ್ಡ ಮಾಸ್ಕಿನಲ್ಲಿ ಯಂತ್ರ ನಿಂತೊಡನೆ ತೆರೆದುಕೊಳ್ಳುವ ಕವಾಟವೂ ಇರುತ್ತದೆ. ಗಾಳಿ ನಿಂತಾಗ ಎಚ್ಚರವಾಗುತ್ತದೆ, ಮಾಸ್ಕು ತೆಗೆದು ಮಗ್ಗುಲಾಗಿ ಮಲಗಿದರಾಯಿತು. ನಾವು ಮಲಗುವ ಕೋಣೆಯ ಒಂದು ಪ್ಲಗ್ಗನ್ನು ಯುಪಿಎಸ್‌ಗೆ ಕೊಡಿಸಿದ್ದೇವೆ. ನೀರಿನ ತೊಟ್ಟಿಯನ್ನು ಬಿಸಿಮಾಡುವ ಭಾಗವೇ ಹೆಚ್ಚು ಕರೆಂಟು ಎಳೆಯುವುದು. ಆಷಾಢದ ಗಾಳಿಯಲ್ಲಿ ಹೇಗೂ ತೇವವಿರುತ್ತದೆ, ಕರೆಂಟು ಕೈಕೊಡುವ ರಾತ್ರಿಗಳಲ್ಲಿ ಆ ಭಾಗವನ್ನು ಆಫ್ ಮಾಡಿಬಿಟ್ಟರೆ ಬ್ಯಾಟರಿ ಬೆಳಗಿನವರೆಗೆ ಬರುತ್ತದೆ.